ಮೋಟಾರ್ ಗಟ್ಟಿ, ಸೋತಿದ್ದು ಬ್ಯಾಕಿಂಗ್ ಪ್ಲೇಟ್: 15 ಎಂಎಂ ಡಿಎ ಪಾಲಿಷರ್ ವಿಮರ್ಶೆ

ಕಾರ್ ಪಾಲಿಷರ್ ಕೊಳ್ಳುವವರು ಎಷ್ಟು ವ್ಯಾಟ್, ಎಷ್ಟು ಸ್ಪೀಡ್, ಎಷ್ಟು ತೂಕ ಅಂತ ಕೇಳುತ್ತಾರೆ. ಬ್ಯಾಕಿಂಗ್ ಪ್ಲೇಟ್, ಅಂದರೆ ಪಾಲಿಷ್ ಪ್ಯಾಡ್ ಅಂಟಿಸುವ ತಟ್ಟೆ, ಅದರ ಬಗ್ಗೆ ಕೇಳುವವರು ಕಡಿಮೆ. ಆದರೆ ನನ್ನ ಮಷೀನ್ ಕೆಲಸ ನಿಲ್ಲಿಸಿದಾಗಲೆಲ್ಲ ಕಾರಣ ಅದೇ ಪ್ಲೇಟ್. ಮೋಟಾರ್ ಒಮ್ಮೆಯೂ ಕೈಕೊಟ್ಟಿಲ್ಲ.

ಮೈಸೂರಿನಲ್ಲಿ ನಾನೊಬ್ಬನೇ ನಡೆಸುವ ಸಣ್ಣ ಡೀಟೇಲಿಂಗ್ (ಕಾರು ತೊಳೆದು ಪಾಲಿಷ್ ಮಾಡುವ) ಅಂಗಡಿ ನನ್ನದು. ಬೋರ್‌ವೆಲ್ ನೀರಿನಲ್ಲಿ ತೊಳೆದು ಬಿಸಿಲಲ್ಲೇ ಒಣಗಲು ಬಿಟ್ಟ ಕಾರುಗಳು ಇಲ್ಲಿಗೆ ಜಾಸ್ತಿ ಬರುತ್ತವೆ. ಗಡಸು ನೀರಿನ ಬಿಳಿ ಕಲೆ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಮೇಲೆ ಕಚ್ಚಿಕೊಂಡಿರುತ್ತದೆ. ಬರೀ ಶಾಂಪೂವಿಗೆ ಅದು ಹೋಗುವುದಿಲ್ಲ, ಹೆಚ್ಚಿನ ಸಲ ಕಾಂಪೌಂಡ್ (ಉಜ್ಜುವ ಪೇಸ್ಟ್) ಹಾಕಿ ಪಾಲಿಷ್ ಮಾಡಬೇಕಾಗುತ್ತದೆ. ಹಾಗಾಗಿ ನನ್ನ ಮಷೀನ್‌ಗೆ ದಿನವೂ ಕೆಲಸ ಇರುತ್ತದೆ, ಅದೂ ಗಂಟೆಗಟ್ಟಲೆ.

ಇದು ಡಿಎ, ಅಂದರೆ ಡ್ಯುಯಲ್ ಆಕ್ಷನ್ ಪಾಲಿಷರ್; ಪ್ಯಾಡ್ ಓಲಾಡುತ್ತಲೇ ತಿರುಗುತ್ತದೆ. ಆ ಓಲಾಟದ ಅಗಲ, ಅಂದರೆ ಥ್ರೋ, 15 ಎಂಎಂ. ಪ್ಲೇಟ್ 125 ಎಂಎಂ. ಕಂಪನಿಯ ಹೆಸರು ಬರೆಯುತ್ತಿಲ್ಲ, ಏಕೆಂದರೆ ಈ ವಿನ್ಯಾಸದ ಮಷೀನ್ ಯಾರದ್ದೇ ಆದರೂ ಕೊಳ್ಳುವ ಮೊದಲು ಈ ವಿಷಯ ತಿಳಿದಿರಬೇಕು. ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಮಷೀನ್ ಕೈಗೆ ಹಗುರ. ಕಪ್ಪು ಕಾರಿನ ಮೇಲೂ ಹೊಲೊಗ್ರಾಮ್ (ಬಿಸಿಲಲ್ಲಿ ಕಾಣುವ ಪಾಲಿಷ್ ಗುರುತು) ಬಿಡುವುದಿಲ್ಲ. ರೋಟರಿಯಲ್ಲಿ (ಓಲಾಡದೆ ಬರೀ ತಿರುಗುವ ಪಾಲಿಷರ್) ಕೆಲಸ ಕಲಿತವರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಅಂತ ಗೊತ್ತಿರುತ್ತದೆ. ಸ್ಪೀಡ್ ಡಯಲ್ ಇವತ್ತಿಗೂ ಸರಿಯಾಗಿದೆ. ವೈರ್ ಉದ್ದವಾಗಿದೆ. ಮಷೀನ್‌ಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಕಂಪನಿಯ ಸಪೋರ್ಟ್‌ಗೆ ಎರಡೇ.

ಪ್ಲೇಟ್ ಒಂದೇ ರೀತಿಯಲ್ಲಿ ಹಾಳಾಗುವುದಿಲ್ಲ. ಈ ವಿಮರ್ಶೆ ಬರೆಯಲು ಮುಖ್ಯ ಕಾರಣವೇ ಅದು. ಕಂಪನಿಯವರು ಎಲ್ಲವನ್ನೂ ಒಂದೇ ಲೆಕ್ಕಕ್ಕೆ ಹಾಕುತ್ತಾರೆ. ಹಾಗೆ ಹಾಕಲು ಬಿಡಬಾರದು.

ಮೊದಲನೆಯದು ವೆಲ್ಕ್ರೋ ಸವೆಯುವುದು. ಡಿಎ ಮಷೀನ್‌ನಲ್ಲಿ ಪ್ಲೇಟ್ ಎರಡು ರೀತಿ ಚಲಿಸುತ್ತದೆ. ಸ್ಪಿಂಡಲ್ (ಮೋಟಾರ್ ತಿರುಗಿಸುವ ಕಂಬಿ) ಸುತ್ತ ಓಲಾಡುತ್ತದೆ, ಜೊತೆಗೆ ತನ್ನಷ್ಟಕ್ಕೆ ತಿರುಗುತ್ತದೆ. ತಿರುಗುವುದಕ್ಕೆ ಗೇರ್ ಇಲ್ಲ, ಸುಮ್ನೆ ಬೇರಿಂಗ್ ಮೇಲೆ ಬಿಟ್ಟಿರುತ್ತಾರೆ. ಹಾಗಾಗಿ ಜಾಸ್ತಿ ಒತ್ತಿದರೆ, ಇಲ್ಲವೇ ಬಂಪರ್‌ನ ಬಾಗಿದ ಜಾಗದಲ್ಲಿ ಪ್ಯಾಡ್ ವಾರೆಯಾದರೆ, ತಿರುಗುವುದು ನಿಂತುಹೋಗುತ್ತದೆ. ಓಲಾಟ ಮಾತ್ರ ನಿಲ್ಲುವುದಿಲ್ಲ. ಆಗ ಮೋಟಾರ್‌ನ ಶಕ್ತಿಯ ಒಂದು ಪಾಲು ಪ್ಯಾಡ್ ಮತ್ತು ಪ್ಲೇಟ್ ನಡುವಿನ ಉಜ್ಜಾಟಕ್ಕೆ ಹೋಗುತ್ತದೆ. ಬಿಸಿ ಏರಿ ವೆಲ್ಕ್ರೋದ ಸಣ್ಣ ಕೊಕ್ಕೆಗಳು ಮೆತ್ತಗಾಗಿ ಮಲಗಿಬಿಡುತ್ತವೆ. ಗಾಳಿ ಆಡದ ನಡುಭಾಗವೇ ಮೊದಲು ಹೋಗುತ್ತದೆ. ದಪ್ಪ ಫೋಮ್ ಪ್ಯಾಡ್ ಹಾಕಿದಾಗ ಇದು ಇನ್ನೂ ಬೇಗ ಆಗುತ್ತದೆ.

ಇದನ್ನು ನಾನು ಮಷೀನ್‌ನ ದೋಷ ಅನ್ನುವುದಿಲ್ಲ. ಇದು ಸವಕಳಿ. ತಡ ಮಾಡಲು ದಾರಿಗಳಿವೆ. ಪ್ಲೇಟ್ ಅಂಚಿನಲ್ಲಿ ಮಾರ್ಕರ್‌ನಿಂದ ಒಂದು ಗೆರೆ ಎಳೆದುಕೊಂಡರೆ ಪ್ಲೇಟ್ ತಿರುಗುತ್ತಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಗೆರೆ ನಿಂತಂತೆ ಕಂಡರೆ ಒತ್ತಡ ಕಡಿಮೆ ಮಾಡಬೇಕು. ಒಂದೇ ಪ್ಯಾಡ್‌ನಲ್ಲಿ ಇಡೀ ಕಾರು ಮುಗಿಸದೆ ಸರದಿಯಲ್ಲಿ ಬದಲಾಯಿಸಬೇಕು. ಪ್ಯಾಡ್ ಬಿಸಿ ಇರುವಾಗ ಅಂಚು ಹಿಡಿದು ಕೀಳಬಾರದು, ಪ್ಲೇಟ್‌ನ ವೆಲ್ಕ್ರೋ ಹಾಳೆಯೂ ಅದರ ಜೊತೆ ಎದ್ದು ಬರಬಹುದು. ನಾನು ಇಷ್ಟನ್ನೂ ಪಾಲಿಸುತ್ತೇನೆ. ಮೊದಲ ಪ್ಲೇಟ್ ಹೀಗೆಯೇ ವಯಸ್ಸಾಗಿ ಹೋಯಿತು. ನನ್ನದೇ ದುಡ್ಡಲ್ಲಿ ಹೊಸದು ತಂದೆ. ಅದರಲ್ಲಿ ದೂರು ಏನೂ ಇಲ್ಲ.

ಎರಡನೆಯದು ಬೇರೆಯೇ ಕಥೆ. ಪ್ಲೇಟ್ ಅಂದರೆ ಒಂದೇ ತುಂಡು ಅಲ್ಲ. ಮೇಲೆ ಗಟ್ಟಿ ಪದರ, ಅದರ ನಡುವೆ ಮಷೀನ್‌ಗೆ ಬೋಲ್ಟ್ ಹಾಕುವ ಲೋಹದ ಹಬ್, ಕೆಳಗೆ ಮೆತ್ತನೆಯ ಪಾಲಿಯುರೆಥೇನ್, ಕೊನೆಗೆ ವೆಲ್ಕ್ರೋ. ಹೊಸ ಪ್ಲೇಟ್‌ನಲ್ಲಿ ಆ ಹಬ್ ತನ್ನ ಗೂಡಿನಿಂದಲೇ ಸಡಿಲವಾಯಿತು. ವೆಲ್ಕ್ರೋ ಇನ್ನೂ ಹೊಸದರಂತೆಯೇ ಇತ್ತು. ಮೊದಲು ಒಂದು ಸಣ್ಣ ಕಟಕಟ ಸದ್ದು. ಬೋಲ್ಟ್ ಬಿಗಿಯಾಗಿದೆಯಾ ಅಂತ ಅಲೆನ್ ಕೀ ಹಾಕಿ ನೋಡಿದೆ, ಬಿಗಿಯಾಗಿಯೇ ಇತ್ತು. ಆಮೇಲೆ ಕೈಗೆ ನಡುಕ ಜಾಸ್ತಿ ಆಯಿತು. ಮಷೀನ್ ನಿಲ್ಲಿಸಿ ಪ್ಲೇಟ್ ಹಿಡಿದು ಅಲ್ಲಾಡಿಸಿದರೆ ಹಬ್ ಒಂದು ಕಡೆ, ಪ್ಲೇಟ್ ಒಂದು ಕಡೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಷೀನ್ ಒಳಗಿರುವ ಕೌಂಟರ್‌ವೇಟನ್ನು (ಸಮತೋಲನದ ತೂಕ) ಪ್ಲೇಟ್ ಮತ್ತು ಪ್ಯಾಡ್ ತೂಕಕ್ಕೆ ಹೊಂದಿಸಿಯೇ ಮಾಡಿರುತ್ತಾರೆ. ಪ್ಲೇಟ್ ನಡುವಿನಿಂದ ಸರಿದರೆ ಆ ಹೊಂದಾಣಿಕೆ ಕೆಡುತ್ತದೆ, ಏಟು ಬೇರಿಂಗ್‌ಗೆ ಬೀಳುತ್ತದೆ. ಓಡುತ್ತಿರುವಾಗಲೇ ಪ್ಲೇಟ್ ಕಿತ್ತು ಬಂದರೆ ಗಿರಾಕಿಯ ಬಾನೆಟ್‌ಗೂ ಗೀರು, ಕೆಲಸ ಮಾಡುವವರ ಕೈಗೂ ಅಪಾಯ. ಹೊಸ ಸದ್ದು ಕೇಳಿದ ಕೂಡಲೇ ನಿಲ್ಲಿಸಿ. ಇನ್ನೊಂದು ಪ್ಯಾನೆಲ್ ಮುಗಿಸೋಣ ಅಂತ ಎಳೆಯಬೇಡಿ.

ಹಬ್ ಬಿಡುವುದು ಸವಕಳಿ ಅಲ್ಲ. ಅಚ್ಚಿನಲ್ಲೋ ಅಂಟಿನಲ್ಲೋ ತಯಾರಿಯಲ್ಲೇ ಆಗಿರುವ ಕೊರತೆ. ಬಳಸುವವರು ಎಷ್ಟು ಜೋಪಾನ ಮಾಡಿದರೂ ಅದನ್ನು ತಡೆಯಲಾಗದು. ನನ್ನ ವಾದ ಇಷ್ಟೇ. ಟೈರ್‌ನ ಬಟನ್ ಸವೆದರೆ ಅದು ನಮ್ಮ ಖರ್ಚು ಸರಿ, ಹೊಸ ಟೈರ್‌ನ ಪಕ್ಕ ಉಬ್ಬಿ ಒಡೆದರೆ ಅದೂ ನಮ್ಮ ಖರ್ಚಾ?

ಸರ್ವಿಸ್‌ಗೆ ಫೋನ್ ಮಾಡಿದಾಗ ಮಾತಾಡಿದ ಹುಡುಗ ತುಂಬಾ ಮರ್ಯಾದೆಯಿಂದ ಮಾತಾಡಿದ. 'ಸರ್, ಪ್ಲೇಟ್ ಕನ್ಸ್ಯೂಮಬಲ್ ಐಟಂ, ವಾರಂಟಿ ಬರಲ್ಲ' ಅಂದ. 'ವೆಲ್ಕ್ರೋ ಹೋಗಿಲ್ಲಪ್ಪಾ, ಹಬ್ ಬಿಟ್ಟಿದೆ' ಅಂದೆ. ಫೋಟೊ ಕಳಿಸಿ ಅಂದ, ಕಳಿಸಿದೆ. ವೀಡಿಯೊ ಕೇಳಿದ, ಅದನ್ನೂ ಕಳಿಸಿದೆ. ಬಿಲ್ ಕಳಿಸಿದೆ. ಉತ್ತರ ಮತ್ತೆ ಅದೇ ಸಾಲು. ಹೋಗಲಿ, ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇನೆ ಅಂದರೆ ಸ್ಟಾಕ್ ಇಲ್ಲ, ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ ಅಂದರು. ನನಗೆ ಸಿಟ್ಟು ಬಂದಿದ್ದು ಆಗ. ಸವೆಯುವ ಭಾಗ ಅಂತ ಒಪ್ಪಿಕೊಂಡ ಮೇಲೆ ಅದನ್ನು ಸ್ಟಾಕ್ ಇಡುವುದು ನಿಮ್ಮ ಕೆಲಸ ಅಲ್ವಾ? ಪ್ಲೇಟ್ ಬೆಲೆ ಮಷೀನ್ ಬೆಲೆಗೆ ಹೋಲಿಸಿದರೆ ತೀರಾ ಕಡಿಮೆ. ಆದರೆ ಅದಿಲ್ಲದೆ ಇಡೀ ಮಷೀನ್ ಮೂಲೆಗೆ.

ಬೇರೆ ಪ್ಲೇಟ್ ಹಾಕಿಕೊಳ್ಳಬಾರದಾ ಅಂತ ಕೇಳಬಹುದು. ರೋಟರಿ ಆದರೆ ಅದು ಸುಲಭ. ನಮ್ಮಲ್ಲಿ ಸಿಗುವ ರೋಟರಿಗಳಲ್ಲಿ ಹೆಚ್ಚಿನವು ಎಂ14, ಅಂದರೆ 14 ಎಂಎಂ ಥ್ರೆಡ್. ಹಾರ್ಡ್‌ವೇರ್ ಅಂಗಡಿಗಳಿರುವ ಬೆಂಗಳೂರಿನ ಎಸ್‌ಜೆಪಿ ರೋಡ್‌ನಲ್ಲಿ ಕೇಳಿದರೆ ಪ್ಲೇಟ್ ಸಿಗುತ್ತದೆ. ಹಳೆ ಮಾದರಿಯ 8 ಎಂಎಂ ಡಿಎಗಳಲ್ಲಿ 5/16 ಇಂಚಿನ ಥ್ರೆಡ್ ಬಹಳ ಕಡೆ ಒಂದೇ ತರ, ಅಲ್ಲೂ ಆಯ್ಕೆ ಇದೆ. 15 ಮತ್ತು 21 ಎಂಎಂ ಮಷೀನ್‌ಗಳಲ್ಲಿ ಕಷ್ಟ ಶುರು. ಹಬ್‌ನ ಆಕಾರ, ಆಳ, ಬೋಲ್ಟ್ ಉದ್ದ ಕಂಪನಿಯಿಂದ ಕಂಪನಿಗೆ ಬೇರೆ. ಆಕಾರ ಹೊಂದಿದರೂ ತೂಕ ಹೊಂದದಿದ್ದರೆ ಮತ್ತೆ ನಡುಕ. ಸಂಜೆ ಹೊತ್ತಿಗೆ ಬೆರಳು ಜೋಮು ಹಿಡಿಯುತ್ತದೆ.

ಕೊನೆಗೆ ನಾನು 1915ಕ್ಕೆ ಕರೆ ಮಾಡಿ ದೂರು ಬರೆಸಿದೆ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸುತ್ತಾರೆ. ಅಂಗಡಿ ಇಟ್ಟವರಿಗೆ ಇದು ನಡೆಯುವುದಿಲ್ಲ ಅಂತ ಹಲವರು ತಿಳಿದುಕೊಂಡಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವ್ಯಾಪಾರಕ್ಕೆ ಕೊಂಡ ವಸ್ತು ಬರುವುದಿಲ್ಲ ಅನ್ನುವುದು ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಮಾತ್ರ ಬಳಸುವ ವಸ್ತುವಾದರೆ ಕೊಂಡವನು ಗ್ರಾಹಕನೇ. ಒಬ್ಬನೇ ದುಡಿಯುವ ನನ್ನಂಥವರಿಗೆ ಈ ಮಾತು ದೊಡ್ಡ ಆಸರೆ. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವೂ ಇಲ್ಲ.

ನನಗೆ ಅಲ್ಲಿಗೆ ಹೋಗುವ ಅಗತ್ಯ ಬರಲಿಲ್ಲ. ದೂರು ತಲುಪಿದ ಮೇಲೆ ಕಂಪನಿಯ ಹಿರಿಯರೊಬ್ಬರು ಫೋನ್ ಮಾಡಿ, ಹಬ್ ಬಿಟ್ಟಿರುವುದು ತಯಾರಿಯ ದೋಷ ಅಂತ ಒಪ್ಪಿ, ಹೊಸ ಪ್ಲೇಟ್ ಉಚಿತವಾಗಿ ಕಳಿಸಿದರು. ಈಗ ಅದೇ ಓಡುತ್ತಿದೆ. ಹಬ್ ಸುತ್ತಲಿನ ಅಚ್ಚು ಹಳೆಯದಕ್ಕಿಂತ ದಪ್ಪ ಇದೆ, ಅಂದರೆ ವಿನ್ಯಾಸ ಬದಲಾಯಿಸಿದ್ದಾರೆ ಅಂತ ನನ್ನ ಊಹೆ. ಹಾಗಿದ್ದರೆ ಹಳೆ ಪ್ಲೇಟ್ ಇರುವ ಎಲ್ಲರಿಗೂ ತಾವಾಗಿಯೇ ತಿಳಿಸಬೇಕಿತ್ತು. ಸಪೋರ್ಟ್‌ಗೆ ಎರಡು ಅಂಕಕ್ಕಿಂತ ಜಾಸ್ತಿ ಕೊಡದಿರುವುದು ಅದಕ್ಕೇ.

ಕೊಳ್ಳುವ ಯೋಚನೆ ಇದ್ದವರು ಡೀಲರ್ ಹತ್ತಿರ ಮಷೀನ್ ತೋರಿಸಿ ಅನ್ನುವ ಮೊದಲು ಪ್ಲೇಟ್ ತೋರಿಸಿ ಅನ್ನಿ. ಸ್ಟಾಕ್ ಇದ್ದರೆ ಮಷೀನ್ ಜೊತೆಗೇ ಒಂದು ಹೆಚ್ಚಿನದು ತೆಗೆದುಕೊಳ್ಳಿ, ಬಿಲ್‌ನಲ್ಲಿ ಬೇರೆ ಸಾಲಾಗಿ ಬರೆಸಿ. ಇಲ್ಲ ಅಂದರೆ ಬೇರೆ ಮಷೀನ್ ನೋಡಿ. ಈಗಾಗಲೇ 15 ಎಂಎಂ ಬಳಸುತ್ತಿರುವವರು ಇವತ್ತೇ ಪ್ಯಾಡ್ ತೆಗೆದು ಪ್ಲೇಟ್ ಹಿಡಿದು ಅಲ್ಲಾಡಿಸಿ ನೋಡಿ. ಹಬ್ ಅಲುಗಿದರೆ ಪ್ಲೇಟ್ ಎಸೆಯಬೇಡಿ. ಹಿಂಬದಿಯ ನಂಬರ್ ಕಾಣುವಂತೆ ಫೋಟೊ ತೆಗೆದಿಟ್ಟುಕೊಂಡು ಆಮೇಲೆ ಫೋನ್ ಮಾಡಿ.