ವಿನೋಬನಗರದ ಮೆಕ್ಸಿಕನ್ ಹೋಟೆಲು: ಟಾಕೊ ತಿನ್ನಿ, ಪಿಜ್ಜಾ ಬಿಡಿ

ಶಿವಮೊಗ್ಗದ ವಿನೋಬನಗರದಲ್ಲಿ ನೂರಡಿ ರಸ್ತೆಯಿಂದ ಒಳಗೆ ತಿರುಗಿದರೆ ಬೋರ್ಡಿನ ಮೇಲೆ ಕಳ್ಳಿ ಗಿಡ ಬರೆಸಿಕೊಂಡಿರುವ ಆರು ಟೇಬಲ್ಲಿನ ಹೋಟೆಲು ಸಿಗುತ್ತದೆ. ವಾರದ ದಿನಗಳಲ್ಲಿ ಸಂಜೆ ಏಳೂವರೆಯಾದರೂ ಅರ್ಧಕ್ಕರ್ಧ ಖಾಲಿ. ಮಳೆ ಹಿಡಿದರಂತೂ ಬಾಡಿಗೆ ಹುಟ್ಟುವುದೇ ಕಷ್ಟ. ಪಾಪ ಅಂತ ಹೋಗಿ ಒಂದು ಫ್ರೆಂಚ್ ಫ್ರೈಸ್ ತಿಂದು ಬಂದರೆ ಅವರಿಗೇನೂ ಗಿಟ್ಟುವುದಿಲ್ಲ. ಅಲ್ಲಿ ನಿಜಕ್ಕೂ ಚೆನ್ನಾಗಿರುವುದು ಯಾವುದು, ಅವರ ಕೈಯಲ್ಲಿ ನಾಲ್ಕು ಕಾಸು ಉಳಿಸುವುದು ಯಾವುದು ಅಂತ ನೋಡಿ ಆರ್ಡರ್ ಮಾಡಬೇಕು. ಪುಣ್ಯಕ್ಕೆ ಎರಡಕ್ಕೂ ಉತ್ತರ ಒಂದೇ: ಮೆಕ್ಕೆಜೋಳದ ಟಾರ್ಟಿಯಾ, ಅಂದರೆ ಒಳಗೆ ಪಲ್ಯ ಇಟ್ಟು ಮಡಚಿ ಟಾಕೊ ಮಾಡುವ ತೆಳು ರೊಟ್ಟಿ.

ಶಿಕಾರಿಪುರ, ಸೊರಬದ ಕಡೆ ಬೆಳೆಯುವ ಮೆಕ್ಕೆಜೋಳ ಹೆಚ್ಚಾಗಿ ಕೋಳಿ ಆಹಾರಕ್ಕೆ ಹೋಗುತ್ತದೆ. ಇಲ್ಲಿ ಅದನ್ನೇ ಸುಣ್ಣದ ನೀರಲ್ಲಿ ಬೇಯಿಸುತ್ತಾರೆ. ಕೇಜಿ ಕಾಳಿಗೆ ಹತ್ತು ಗ್ರಾಂ ತಿನ್ನುವ ಸುಣ್ಣ, ಮೂರು ಲೀಟರ್ ನೀರು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಆಮೇಲೆ ರಾತ್ರಿಯಿಡೀ ಅದೇ ನೀರಲ್ಲಿ ನೆನೆಯಬೇಕು. ಬೆಳಿಗ್ಗೆ ಅಂಗೈಯಲ್ಲಿ ಉಜ್ಜಿದರೆ ಸಿಪ್ಪೆ ಜಾರಿ ಬರುವ ಹದ. ಚೆನ್ನಾಗಿ ತೊಳೆದು, ಆದಷ್ಟು ಕಡಿಮೆ ನೀರು ಹಾಕಿ ರುಬ್ಬುತ್ತಾರೆ. ಸುಣ್ಣ ಬೀಳದಿದ್ದರೆ ಹಿಟ್ಟಿಗೆ ಅಂಟು ಬರುವುದಿಲ್ಲ, ಮಡಚಿದ ಕೂಡಲೇ ಮುರಿಯುತ್ತದೆ. ಅಷ್ಟೇ ಅಲ್ಲ, ಜೋಳದಲ್ಲಿರುವ ನಯಾಸಿನ್ ಅನ್ನುವ ಬಿ ಜೀವಸತ್ವ ಮೈಗೆ ಹತ್ತುವುದೂ ಸುಣ್ಣದಿಂದಲೇ. ಜೋಳವನ್ನು ಯುರೋಪಿಗೆ ಒಯ್ದವರು ಸುಣ್ಣದ ವಿದ್ಯೆಯನ್ನು ಮೆಕ್ಸಿಕೊದಲ್ಲೇ ಬಿಟ್ಟು ಹೋದರು. ಬರೀ ಜೋಳ ತಿಂದು ಬದುಕಿದ ಅಲ್ಲಿನ ಬಡವರಿಗೆ ನಯಾಸಿನ್ ಕೊರತೆಯಿಂದ ಬರುವ ಪೆಲ್ಲಾಗ್ರ ರೋಗ ಅಂಟಿಕೊಂಡಿತು.

ನಿಂಬೆ ಗಾತ್ರದ ಉಂಡೆ, ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಒತ್ತುವ ಮಣೆ, ಚೆನ್ನಾಗಿ ಕಾದ ಕಾವಲಿ. ಅರ್ಧ ನಿಮಿಷಕ್ಕೆ ಮಗುಚಿ, ಇನ್ನೊಂದು ನಿಮಿಷ ಬಿಟ್ಟು ಮತ್ತೆ ಮಗುಚಿ, ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಉಬ್ಬಬೇಕು. ಅಂಚು ಬಿರಿದಿದ್ದರೆ ಹಿಟ್ಟು ಒಣಗಿದೆ ಅಂತ. ಹಾಳೆಗೆ ಮೆತ್ತಿಕೊಂಡರೆ ನೀರು ಜಾಸ್ತಿಯಾಗಿದೆ ಅಂತ. ಇಲ್ಲಿ ಶನಿವಾರದ ಗಡಿಬಿಡಿಯಲ್ಲಿ ಈ ಎರಡನೆಯ ತಪ್ಪು ಆಗುತ್ತದೆ, ನಡುವೆ ಹಸಿ ಉಳಿಯುತ್ತದೆ. ಹಾಗೆ ಬಂದರೆ ತಟ್ಟೆ ವಾಪಸ್ ಕಳಿಸಿ, ಬೇಜಾರಿಲ್ಲದೆ ಬೇರೆ ಮಾಡಿಕೊಡುತ್ತಾರೆ. ಮೈದಾ ಟಾರ್ಟಿಯಾವೂ ಇದೆ. ಅದು ನಕಲಿಯೇನಲ್ಲ, ಉತ್ತರ ಮೆಕ್ಸಿಕೊದ ಸೊನೋರಾ ಕಡೆ ಗೋದಿಯದ್ದೇ ರೂಢಿ. ಆದರೆ ಇಲ್ಲಿಯದು ಪ್ಯಾಕೆಟ್ಟಿನದು, ಯಾಕೆ ತಿನ್ನಬೇಕು?

ಮೂರು ಟಾಕೊ 140 ರೂಪಾಯಿ. ಒಳಗೆ ರಾಜ್ಮಾ ಅಥವಾ ಕೋಳಿ, ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ, ನಿಂಬೆ. ರಾಜ್ಮಾ ಮೆತ್ತಗೆ ಬೆಂದು ಈರುಳ್ಳಿ ಎಣ್ಣೆಯಲ್ಲಿ ಮಸೆದು ಬರುತ್ತದೆ, ಉಪ್ಪು ಮಾತ್ರ ಒಂದು ಚಿಟಿಕೆ ಕಮ್ಮಿ. ಸಾಲ್ಸಾ ಈ ಹೋಟೆಲಿನ ಹೆಮ್ಮೆ: ಟೊಮೆಟೊ, ಬೆಳ್ಳುಳ್ಳಿಯನ್ನು ಸಿಪ್ಪೆ ಕಪ್ಪಾಗುವ ತನಕ ಕಾವಲಿಯ ಮೇಲೆ ಸುಟ್ಟು, ಮಲೆನಾಡಿನ ಜೀರಿಗೆ ಮೆಣಸು ಹಾಕಿ ತರಿತರಿಯಾಗಿ ಅರೆದದ್ದು. ಡಬ್ಬಿಯಲ್ಲಿ ಬರುವ ಮೆಕ್ಸಿಕೊದ ಹಾಲಪೀನ್ಯೊ ಮೆಣಸಿನಕಾಯಿಗೆ ದುಡ್ಡು ಸುರಿಯುವ ಬದಲು ಇದನ್ನು ಹಿಡಿದದ್ದು ಜಾಣತನ. ಖಾರ ನಾಲಿಗೆಗೆ ತಡವಾಗಿ ಏರುತ್ತದೆ, ಮಕ್ಕಳಿಗೆ ಕೊಡುವ ಮೊದಲು ನೋಡಿಕೊಳ್ಳಿ.

ಗ್ವಾಕಮೋಲೆ ಅಂದರೆ ಬೆಣ್ಣೆಹಣ್ಣು ಜಜ್ಜಿ ಮಾಡುವ ಚಟ್ನಿ, ಅದನ್ನು ಹಣ್ಣಿನ ಕಾಲದಲ್ಲಿ ಮಾತ್ರ ತಗೊಳ್ಳಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ಬರುವ ಹಣ್ಣು ದೊಡ್ಡದು, ಆದರೆ ನೀರಿನಂಶ ಹೆಚ್ಚು, ಜಿಡ್ಡು ಕಡಿಮೆ. ಮಿಕ್ಸಿಗೆ ಹಾಕಿದರೆ ಗಂಜಿಯಾಗುತ್ತದೆ, ಇವರು ಕೆಲವೊಮ್ಮೆ ಹಾಕುತ್ತಾರೆ. ಚಮಚದಲ್ಲಿ ಜಜ್ಜಿಕೊಡಿ ಅಂತ ಮೊದಲೇ ಹೇಳಿಬಿಡಿ. ಮುರುಗಲು ಶರಬತ್ತು ಇದ್ದರೆ ಕೋಲಾ ಬೇಡ.

ಬೇಡದ್ದು ಪಟ್ಟಿಯ ಉಳಿದರ್ಧ. ಪಿಜ್ಜಾ, ಮೊಮೊ, ಗೋಬಿ ಮಂಚೂರಿ ಎಲ್ಲ ತುರುಕಿದ್ದಾರೆ. ಗಿರಾಕಿ ಕೇಳುತ್ತಾರೆ ಅನ್ನುವುದು ಅವರ ಸಮಾಧಾನ. ಆದರೆ ಗೋಬಿ ತಿನ್ನುವವರಿಗೆ ಗಾಡಿಗಳಿವೆ, ಇವರಿಗಿಂತ ಅರ್ಧ ರೇಟಿಗೆ ಸಿಗುತ್ತದೆ. ಆ ಐಟಂಗಳಿಗಾಗಿ ಚೀಸು, ಮಯೊನೀಸು, ಫ್ರೀಜರ್ ಸಾಮಾನು ತಂದಿಟ್ಟು, ತೆರೆದ ಪ್ಯಾಕೆಟ್ ಮುಗಿಯದೆ ಎಸೆಯಬೇಕಾಗುತ್ತದೆ. ನಷ್ಟ ಕಚ್ಚುತ್ತಿರುವುದು ಅಲ್ಲಿ. ಪಟ್ಟಿಯನ್ನು ಹನ್ನೆರಡಕ್ಕೆ ಇಳಿಸಿ, ಉಳಿದ ಟಾರ್ಟಿಯಾವನ್ನು ಮಾರನೇ ದಿನ ಆರು ತುಂಡು ಮಾಡಿ ಕರಿದು, ಬಿಸಿ ಸಾಲ್ಸಾದಲ್ಲಿ ಹೊರಳಿಸಿ ಮೇಲೊಂದು ಮೊಟ್ಟೆ ಹಾಕಿದರೆ ಚಿಲಾಕಿಲೆಸ್ ಆಗುತ್ತದೆ. ಮೆಕ್ಸಿಕೊದ ಮನೆಗಳಲ್ಲಿ ಹಳೆ ಟಾರ್ಟಿಯಾಕ್ಕೆ ಇದೇ ದಾರಿ. ಭಾನುವಾರ ಬೆಳಿಗ್ಗೆ ಇದೊಂದನ್ನೇ ಇಟ್ಟರೂ ಜನ ಬರುತ್ತಾರೆ.

ಇನ್ನು ಗಿರಾಕಿಗಳ ಪಾಲು. ಆ್ಯಪ್‌ನಲ್ಲಿ ತರಿಸಬೇಡಿ. ಕಮಿಷನ್ ನೂರಕ್ಕೆ 25 ಅಂತ ಇಟ್ಟುಕೊಂಡರೂ 400 ರೂಪಾಯಿ ಆರ್ಡರಿನಲ್ಲಿ ನೂರು ಅಲ್ಲೇ ಹೋಯಿತು. ಸಾಮಾನು, ಗ್ಯಾಸು, ಸಂಬಳ, ಡಬ್ಬಿಯ ಖರ್ಚು ಕಳೆದರೆ ಏನು ಉಳಿದೀತು? ಫೋನ್ ಮಾಡಿ, ಹೋಗಿ ತನ್ನಿ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಟಾರ್ಟಿಯಾ ಹತ್ತೇ ನಿಮಿಷಕ್ಕೆ ಬೆವತು ಮುದ್ದೆಯಾಗುತ್ತದೆ, ಆದ್ದರಿಂದ ಬಟ್ಟೆ ಹಾಕಿದ ಡಬ್ಬಿ ಮನೆಯಿಂದಲೇ ಒಯ್ಯಿರಿ, ಪಲ್ಯ ಮತ್ತು ಸಾಲ್ಸಾ ಬೇರೆ ಕಟ್ಟಿಸಿ, ತಿನ್ನುವ ಮುಂಚೆ ಬರೀ ಕಾವಲಿಯಲ್ಲಿ ಇಪ್ಪತ್ತು ಸೆಕೆಂಡ್ ಬಿಸಿ ಮಾಡಿ. ಹುಟ್ಟುಹಬ್ಬ, ಆಫೀಸ್ ಪಾರ್ಟಿ ಇದ್ದರೆ ಹಿಂದಿನ ದಿನ ಮಧ್ಯಾಹ್ನದೊಳಗೆ ಹೇಳಿ; ಜೋಳ ರಾತ್ರಿ ನೆನೆಯಬೇಕಲ್ಲ, ಅವತ್ತೇ ಕೇಳಿದರೆ ಪ್ಯಾಕೆಟ್ಟಿನ ಮೈದಾ ಗಂಟು ಬೀಳುತ್ತದೆ. ಶನಿವಾರ ಬದಲು ಮಂಗಳವಾರ, ಬುಧವಾರ ಹೋಗಿ. ಮಳೆಯಿದ್ದರೆ ಒಳಗಿನ ಟೇಬಲ್ ಹಿಡಿಯಿರಿ, ಮುಂದಿನ ಎರಡಕ್ಕೆ ಎರಚಲು ಬಡಿಯುತ್ತದೆ.