ಟಿಆರ್‌ಎಸ್-80 ಮಾಡೆಲ್ 100: ಇವತ್ತಿಗೂ ಕೊಳ್ಳಬಹುದಾದ ಹಳೆಯ ಪೋರ್ಟಬಲ್

ಬರೆಯುವ ಕೆಲಸಕ್ಕೆ ಹಳೆಯ ಪೋರ್ಟಬಲ್ ಕಂಪ್ಯೂಟರ್ ಬೇಕೆನ್ನುವವರು ಮೊದಲು ಇದನ್ನೇ ನೋಡಬೇಕು. 1983ರಲ್ಲಿ ಬಂದ ಯಂತ್ರ. ತಯಾರಿಸಿದ್ದು ಜಪಾನಿನ ಕ್ಯೋಸೆರಾ, ಮಾರಿದ್ದು ಅಮೆರಿಕದ ಟ್ಯಾಂಡಿ. ಆ ಕಾಲದ ಇನ್ನೊಂದು ಪೋರ್ಟಬಲ್ ಆಸ್ಬರ್ನ್ 1 ಸುಮಾರು 11 ಕೆಜಿ ತೂಗುತ್ತಿತ್ತು. ಇದು ಎರಡು ಕೆಜಿಯೂ ಇಲ್ಲ. ನಾಲ್ಕು ಎಎ ಸೆಲ್ ಹಾಕಿದರೆ ಸುಮಾರು 20 ಗಂಟೆ ಓಡುತ್ತದೆ. ಸ್ವಿಚ್ ಒತ್ತಿದ ತಕ್ಷಣ ಮೆನು ಬರುತ್ತದೆ. ಕೀಬೋರ್ಡ್ ಪೂರ್ಣ ಅಳತೆಯದು, ಒತ್ತಿದರೆ ಕೀ ಸರಿಯಾಗಿ ಕೆಳಗಿಳಿಯುತ್ತದೆ. ಇಂದಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಈ ಸುಖ ಸಿಗುವುದಿಲ್ಲ.

ಪರದೆಯಲ್ಲಿ 8 ಸಾಲು, ಸಾಲಿಗೆ 40 ಅಕ್ಷರ. ಬ್ಯಾಕ್‌ಲೈಟ್ ಇಲ್ಲ. ಕಬ್ಬನ್ ಪಾರ್ಕಿನ ಬೆಂಚಿನ ಮೇಲೆ ಹಗಲು ಬೆಳಕಿನಲ್ಲಿ ಚೆನ್ನಾಗಿ ಓದಬಹುದು, ಸಂಜೆಯಾದರೆ ದೀಪ ಬೇಕೇಬೇಕು.

ನಿಜವಾದ ಅಪಾಯ ಒಳಗಿದೆ. ಮೆಮೊರಿ ಉಳಿಸಲು ಬೋರ್ಡಿನ ಮೇಲೆ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸೋಲ್ಡರ್ ಮಾಡಿರುತ್ತಾರೆ. ನಲವತ್ತು ವರ್ಷವಾದ ಮೇಲೆ ಅದು ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಮಾರುವವರು 'ವರ್ಕಿಂಗ್' ಎಂದರೆ ಸಾಲದು, ಬೋರ್ಡಿನ ಫೋಟೋ ಕೇಳಿ. ಕೆಳಗಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಕೇಸ್ ತೆರೆಯುತ್ತದೆ. ಎರಡು ಭಾಗಗಳ ನಡುವೆ ಕೇಬಲ್ ಇರುವುದರಿಂದ ಎಳೆಯಬೇಡಿ. ಹಸಿರು-ಬಿಳಿ ಪುಡಿ ಕಂಡರೆ ಬ್ಯಾಟರಿ ತೆಗೆದು, ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆಯಿರಿ. ಬದಲಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿನಲ್ಲಿ 3.6 ವೋಲ್ಟಿನ ಚಿಕ್ಕ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್ ಕೇಳಿ. ಲಿಥಿಯಂ ಕಾಯಿನ್ ಸೆಲ್ ಕೊಟ್ಟರೆ ಖಂಡಿತ ಬೇಡ: ಈ ಬೋರ್ಡ್ ಬ್ಯಾಟರಿಗೆ ಸದಾ ಚಾರ್ಜ್ ಹರಿಸುತ್ತದೆ, ಲಿಥಿಯಂ ಅದನ್ನು ತಾಳುವುದಿಲ್ಲ. ಕೇಸ್ ತೆರೆದಾಗಲೇ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನೂ ಬದಲಿಸಿಬಿಡಿ, ಅವೂ ಸೋರುತ್ತವೆ. ಸೋಲ್ಡರಿಂಗ್ ಬಾರದವರು ಈ ಎರಡೂ ಕೆಲಸ ಮುಗಿದಿರುವ ಯಂತ್ರಕ್ಕೆ ಹೆಚ್ಚು ಹಣ ಕೊಡುವುದೇ ಲೇಸು.

ಆನ್ ಮಾಡಿದಾಗ ಮೆನುವಿನ ಕೆಳಗೆ ಖಾಲಿ ಬೈಟ್‌ಗಳ ಲೆಕ್ಕ ಬರುತ್ತದೆ. ಫೈಲ್‌ಗಳಿಲ್ಲದ, 32ಕೆ (ಕಿಲೋಬೈಟ್) ಮೆಮೊರಿಯ ಯಂತ್ರದಲ್ಲಿ 29638, 24ಕೆಯಲ್ಲಿ 21446, ಬರೀ 8ಕೆ ಆದರೆ 5062. 32ಕೆ ಎಂದು ಹೇಳಿ ಮಾರಿದ್ದು 21446 ತೋರಿಸಿದರೆ ಒಂದು ರ‍್ಯಾಮ್ ಮಾಡ್ಯೂಲ್ ಇಲ್ಲ, ಇಲ್ಲವೇ ಸತ್ತಿದೆ. ಪರದೆಯಲ್ಲಿ ಅರ್ಧ ಎತ್ತರದ ಒಂದು ಚೌಕ ಮಾತ್ರ ಖಾಲಿಯಿದ್ದರೆ ಹಾಳಾಗಿರುವುದು ಹೆಚ್ಚಾಗಿ ಪರದೆಯನ್ನು ನಡೆಸುವ ಹತ್ತು ಡ್ರೈವರ್ ಚಿಪ್‌ಗಳಲ್ಲಿ ಒಂದು. ಅದರ ರಿಪೇರಿ ಸುಲಭದ್ದಲ್ಲ. ಏನೂ ಕಾಣದಿದ್ದರೆ ಮೊದಲು ಬದಿಯ ಕಾಂಟ್ರಾಸ್ಟ್ ಗಾಲಿ ತಿರುಗಿಸಿ, ಕೆಳಗಿನ ಮೆಮೊರಿ ಪವರ್ ಸ್ವಿಚ್ ಆನ್ ಇದೆಯೇ ನೋಡಿ.

ಅಡಾಪ್ಟರ್ 6 ವೋಲ್ಟ್ ಡಿಸಿ, ನಡುವಿನ ಪಿನ್ ನೆಗೆಟಿವ್. ಅಂಗಡಿಗಳಲ್ಲಿ ಸಿಗುವುದು ಬಹುತೇಕ ಇದಕ್ಕೆ ಉಲ್ಟಾ, ಆದ್ದರಿಂದ ಮೀಟರ್ ಇಟ್ಟು ನೋಡದೆ ಚುಚ್ಚಬೇಡಿ. ಅಮೆರಿಕದ ಮೂಲ ಅಡಾಪ್ಟರ್ 120 ವೋಲ್ಟಿನದು, ನಮ್ಮ 230ಕ್ಕೆ ಹಾಕಿದರೆ ಸುಟ್ಟುಹೋಗುತ್ತದೆ. ರೀಚಾರ್ಜ್ ಆಗುವ ಎಎ ಸೆಲ್‌ಗಳಿದ್ದರೆ ಈ ತಲೆನೋವೇ ಇಲ್ಲ.

ಬರೆದದ್ದನ್ನು ಲ್ಯಾಪ್‌ಟಾಪಿಗೆ ಸಾಗಿಸಲು ಯುಎಸ್‌ಬಿ ಸೀರಿಯಲ್ ಕೇಬಲ್ ಜೊತೆಗೆ ನಲ್ ಮೋಡೆಮ್ ಅಡಾಪ್ಟರ್ (ಕಳಿಸುವ, ಪಡೆಯುವ ತಂತಿಗಳನ್ನು ಅದಲುಬದಲು ಮಾಡುವ ಜೋಡಣೆ) ಬೇಕು, ಮಾಡೆಲ್ 100ರ ಪೋರ್ಟ್ 25 ಪಿನ್ನಿನದು. ಮೆನುವಿನಲ್ಲಿರುವ ಸಂವಹನ ಪ್ರೋಗ್ರಾಂ ಟೆಲ್‌ಕಾಮ್ ತೆರೆದು, ಅದರ ಸ್ಟ್ಯಾಟ್ (ಸೆಟ್ಟಿಂಗ್) ಆಯ್ಕೆಯಲ್ಲಿ 88ಎನ್1ಇ ಕೊಡಿ: 9600 ಬಾಡ್ ವೇಗ, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್, ಎಕ್ಸ್ಆನ್-ಎಕ್ಸ್ಆಫ್ ಆನ್. ಲ್ಯಾಪ್‌ಟಾಪಿನ ಕಡೆಯೂ ಇದೇ ಇರಲಿ. ಟರ್ಮ್ ಒತ್ತಿ, ಆಮೇಲೆ ಎಫ್3ರಿಂದ ಫೈಲ್ ಕಳಿಸಿ. ವಿಡ್ತ್ (ಸಾಲಿನ ಅಗಲ) ಕೇಳಿದಾಗ ಬರೀ ಎಂಟರ್ ಒತ್ತಿ, ಇಲ್ಲದಿದ್ದರೆ ಪ್ಯಾರಾಗಳು ಅಲ್ಲಲ್ಲಿ ತುಂಡಾಗುತ್ತವೆ. ಲ್ಯಾಪ್‌ಟಾಪಿನಿಂದ ಇತ್ತ ಕಳಿಸುವಾಗ ಎಕ್ಸ್ಆನ್-ಎಕ್ಸ್ಆಫ್ (ತಡೆ, ಮುಂದುವರಿಸು ಎಂದು ಹೇಳುವ ಸಂಕೇತ) ಇರಲೇಬೇಕು. ಇಲ್ಲದಿದ್ದರೆ ಪರದೆ ಸರಿಯುವಷ್ಟರಲ್ಲಿ ಅಕ್ಷರಗಳು ತಪ್ಪಿಹೋಗುತ್ತವೆ.

ಕನ್ನಡದ ಮಾತು. ಇಲ್ಲಿ ಒಂದು ಅಕ್ಷರಕ್ಕೆ ಸಿಗುವ ಜಾಗ 6 ಚುಕ್ಕೆ ಅಗಲ, 8 ಚುಕ್ಕೆ ಎತ್ತರ. ಅದರಲ್ಲಿ ಒತ್ತಕ್ಷರ ಕೂರುವುದಿಲ್ಲ. ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಟೈಪಿಸಿ, ಲ್ಯಾಪ್‌ಟಾಪಿನಲ್ಲಿ ಲಿಪ್ಯಂತರ ಮಾಡಿಕೊಳ್ಳಬೇಕು. ಕರಡು ಬರೆಯಲು ಅಷ್ಟು ಸಾಕು. ತಿದ್ದುವ ಕೆಲಸಕ್ಕೆ ಇದು ಒಗ್ಗುವುದಿಲ್ಲ.