ಎನ್ವಿಡಿಯಾ 580 ಲಿನಕ್ಸ್‌ನಲ್ಲಿ: ಡ್ರೈವರ್ ಸರಿ, ದಾರಿ ಯಾವುದು?

ಎನ್ವಿಡಿಯಾ ಕಂಪನಿಯ 580 ಸರಣಿಯ ಗ್ರಾಫಿಕ್ಸ್ ಡ್ರೈವರನ್ನು ನಾನು ಎರಡು ಯಂತ್ರಗಳಲ್ಲಿ ಬಳಸುತ್ತಿದ್ದೇನೆ. ಒಂದು, ಆರ್‌ಟಿಎಕ್ಸ್ 2060 ಕಾರ್ಡ್ ಕೂರಿಸಿದ ಡೆಸ್ಕ್‌ಟಾಪ್. ಇನ್ನೊಂದು, ಇಂಟೆಲ್ ಗ್ರಾಫಿಕ್ಸ್ ಜೊತೆಗೆ ಎನ್ವಿಡಿಯಾ ಚಿಪ್ಪನ್ನೂ ಒಳಗಿಟ್ಟುಕೊಂಡ ಲ್ಯಾಪ್‌ಟಾಪ್. ಎರಡರಲ್ಲೂ ಮೊದಲಿದ್ದದ್ದು 535 ಸರಣಿ, ಡಿಸ್ಟ್ರೋ (ಉಬುಂಟು, ಫೆಡೋರಾದಂಥ ಲಿನಕ್ಸ್ ವಿತರಣೆ) ತಾನಾಗಿಯೇ ಕೊಟ್ಟಿದ್ದು. ಹೊಸ ಡ್ರೈವರ್ ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂಬ ಒಂದು ಮಾತಿನಲ್ಲಿ ಉತ್ತರ ಮುಗಿಯುತ್ತದೆ. ಅದನ್ನು ಯಂತ್ರಕ್ಕೆ ಹೇಗೆ ತಂದುಕೊಳ್ಳಬೇಕು ಎಂದು ಕೇಳಿದರೆ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಹಾಗಾಗಿ ಈ ವಿಮರ್ಶೆಯಲ್ಲಿ ಡ್ರೈವರಿನ ಗುಣಕ್ಕಿಂತ ಅದು ಬರುವ ದಾರಿಗಳ ಗುಣವನ್ನೇ ಹೆಚ್ಚು ತೂಗಿ ನೋಡಿದ್ದೇನೆ.

ಇರುವುದು ಓಡುತ್ತಿರುವಾಗ ಹೊಸದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ನನ್ನ ಕಾರಣ ವೇಲ್ಯಾಂಡ್, ಅಂದರೆ ಪರದೆಯ ಮೇಲೆ ಕಿಟಕಿಗಳನ್ನು ತೋರಿಸಲು ಹಳೆಯ ಎಕ್ಸ್11ರ ಜಾಗಕ್ಕೆ ಬಂದಿರುವ ವ್ಯವಸ್ಥೆ. ಪರದೆಯ ಮೇಲೆ ಒಂದು ಕಿಟಕಿಯ ಚಿತ್ರವನ್ನು ತೋರಿಸುವ ಮೊದಲು ಆ ಚಿತ್ರ ಬರೆದು ಮುಗಿದಿದೆಯೇ ಎಂಬುದು ಯಾರಿಗಾದರೂ ಗೊತ್ತಿರಬೇಕು. ಮೆಸಾ ಎಂಬ ಯೋಜನೆಯ ಮುಕ್ತ ಡ್ರೈವರ್‌ಗಳಲ್ಲಿ ಈ ಲೆಕ್ಕವನ್ನು ಲಿನಕ್ಸ್‌ನ ತಿರುಳಾದ ಕರ್ನಲ್ ಸದ್ದಿಲ್ಲದೆ ಇಟ್ಟುಕೊಳ್ಳುತ್ತಿತ್ತು. ಎನ್ವಿಡಿಯಾದ ಡ್ರೈವರ್ ಆ ಪದ್ಧತಿಯ ಮೇಲೆ ಕಟ್ಟಿದ್ದಲ್ಲ. ಹಳೆಯ ಎಕ್ಸ್11 ತಂತ್ರಾಂಶಗಳು ವೇಲ್ಯಾಂಡ್ ಒಳಗೆ ಓಡುವಾಗ ಕಿಟಕಿಗಳು ಮಿನುಗುವುದು, ಈಗಾಗಲೇ ಹೋದ ಚೌಕಟ್ಟೊಂದು ಮರಳಿ ಬಂದಂತೆ ಕಾಣುವುದು ಇವೆಲ್ಲ ಈ ಹೊಂದಾಣಿಕೆಯ ಕೊರತೆಯಿಂದ ಹುಟ್ಟಿದವು. ಯಾವ ಕೆಲಸ ಮುಗಿದ ಮೇಲೆ ಯಾವ ಚಿತ್ರವನ್ನು ತೋರಿಸಬೇಕೆಂದು ತಂತ್ರಾಂಶವೇ ಬಾಯಿಬಿಟ್ಟು ಹೇಳುವ ಎಕ್ಸ್‌ಪ್ಲಿಸಿಟ್ ಸಿಂಕ್ ಎಂಬ ಪದ್ಧತಿ 2024ರಲ್ಲಿ 555 ಸರಣಿಯೊಂದಿಗೆ ಬಂತು. ಅದಕ್ಕೂ ಮೊದಲು, 2021ರ 495 ಸರಣಿಯಲ್ಲಿ, ಮಿಕ್ಕ ಡ್ರೈವರ್‌ಗಳು ಬಳಸುವ ಜಿಬಿಎಮ್ ಎಂಬ ಸ್ಮೃತಿ ಹಂಚಿಕೆಯ ವ್ಯವಸ್ಥೆಗೆ ಬೆಂಬಲ ಸಿಕ್ಕಿತ್ತು. ಹೀಗಾಗಿ ಎನ್ವಿಡಿಯಾ ಕಾರ್ಡ್ ಇಟ್ಟುಕೊಂಡು ವೇಲ್ಯಾಂಡ್ ಬಳಸುವವರಿಗೆ 555ರ ಹಿಂದಿನದು ಬೇರೆ ಕಾಲ, ಮುಂದಿನದು ಬೇರೆ ಕಾಲ. ಎಕ್ಸ್11ನಲ್ಲೇ ಸುಖವಾಗಿರುವವರಿಗೆ ಈ ಕಾರಣ ಅನ್ವಯಿಸುವುದಿಲ್ಲ.

ದಾರಿಗಳ ವಿಷಯಕ್ಕೆ ಬರುವ ಮೊದಲು ಒಂದು ಮಾತನ್ನು ಸ್ಪಷ್ಟ ಮಾಡಿಕೊಳ್ಳಬೇಕು, ಏಕೆಂದರೆ ಮುಂದೆ ಬರುವ ತೊಡಕುಗಳೆಲ್ಲ ಹೆಚ್ಚುಕಡಿಮೆ ಇದರಿಂದಲೇ ಹುಟ್ಟುತ್ತವೆ. ಡ್ರೈವರ್ ಎಂದು ನಾವು ಏಕವಚನದಲ್ಲಿ ಕರೆಯುವುದು ಎರಡು ಹೋಳುಗಳ ವಸ್ತು. ಒಂದು ಹೋಳು ಕರ್ನಲ್ ಒಳಗೆ ಹೋಗಿ ಕೂರುವ ಮಾಡ್ಯೂಲ್. ಇನ್ನೊಂದು ಚಿತ್ರ ಬರೆಯಲು ಬೇಕಾದ ಓಪನ್‌ಜಿಎಲ್, ವಲ್ಕನ್, ಕಾರ್ಡಿನ ಮೇಲೆ ಲೆಕ್ಕ ಮಾಡಿಸುವ ಕುಡಾ ಮುಂತಾದವನ್ನು ಒದಗಿಸುವ, ಕರ್ನಲ್ ಹೊರಗಿರುವ ಲೈಬ್ರರಿಗಳ ಗುಂಪು. ಈ ಎರಡೂ ಕೊನೆಯ ಅಂಕಿಯವರೆಗೆ ಒಂದೇ ಆವೃತ್ತಿಯವಾಗಿರಬೇಕು, ಒಂದು ಅಂಕಿ ಆಚೀಚೆಯಾದರೂ ಮಾತು ಬಿಡುತ್ತವೆ. ಇನ್ನೊಂದು ಕಡೆ, ಮಾಡ್ಯೂಲ್ ತಾನು ಕೂರುವ ಕರ್ನಲ್‌ಗೂ ಹೊಂದಬೇಕು. ಲಿನಕ್ಸ್ ಕರ್ನಲ್ ತನ್ನ ಒಳಗಿನ ಸಂಪರ್ಕಬಿಂದುಗಳನ್ನು ಸ್ಥಿರವಾಗಿಡುವ ಭರವಸೆಯನ್ನು ಯಾರಿಗೂ ಕೊಟ್ಟಿಲ್ಲ. ಕರ್ನಲ್ ಮರದೊಳಗೇ ಬೆಳೆಯುವ ಡ್ರೈವರ್‌ಗಳನ್ನು ಬದಲಾವಣೆ ಮಾಡಿದವರೇ ತಿದ್ದಿಕೊಡುತ್ತಾರೆ, ಹೊರಗಿನದಕ್ಕೆ ಆ ಭಾಗ್ಯವಿಲ್ಲ. ಹಾಗಾಗಿ ಕರ್ನಲ್ ಬದಲಾದಾಗಲೆಲ್ಲ ಮಾಡ್ಯೂಲನ್ನು ಮತ್ತೆ ಕಟ್ಟಬೇಕು. ಅತ್ತ ಲೈಬ್ರರಿ, ಇತ್ತ ಕರ್ನಲ್, ನಡುವೆ ಸಿಕ್ಕಿಕೊಂಡ ಮಾಡ್ಯೂಲ್: ಈ ಮೂರನ್ನೂ ವರ್ಷವಿಡೀ ಒಂದೇ ಸಾಲಿನಲ್ಲಿ ನಿಲ್ಲಿಸಿಕೊಂಡು ಬರುವುದು ಯಾರ ಹೊಣೆ ಎಂಬುದರಲ್ಲೇ ಒಂದು ದಾರಿಗೂ ಇನ್ನೊಂದಕ್ಕೂ ವ್ಯತ್ಯಾಸವಿದೆ.

ಮಾಡ್ಯೂಲ್‌ನಲ್ಲೂ ಈಗ ಎರಡು ಬಗೆಗಳಿವೆ. 2022ರ ಮೇ ತಿಂಗಳಿನಲ್ಲಿ, 515 ಸರಣಿಯೊಂದಿಗೆ, ಕಂಪನಿ ತನ್ನ ಕರ್ನಲ್ ಮಾಡ್ಯೂಲ್‌ಗಳ ಆಕರವನ್ನು ಎಂಐಟಿ ಮತ್ತು ಜಿಪಿಎಲ್ ಎಂಬ ಜೋಡಿ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಲಿನಕ್ಸ್ ಕರ್ನಲ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಸಭೆಯೊಂದರಲ್ಲಿ ಇದೇ ಕಂಪನಿಯ ಬಗ್ಗೆ ಕ್ಯಾಮೆರಾಗೆ ಬೆರಳು ತೋರಿಸಿ ಸಿಟ್ಟು ಹೊರಹಾಕಿದ್ದನ್ನು ನೆನಪಿಟ್ಟುಕೊಂಡವರಿಗೆ ಇದು ಸಣ್ಣ ಸುದ್ದಿಯೇನಲ್ಲ. ಆದರೆ ಪೂರ್ತಿ ಡ್ರೈವರ್ ಮುಕ್ತವಾಯಿತು ಎಂದು ತಿಳಿಯುವುದು ತಪ್ಪು. ಲೈಬ್ರರಿಗಳ ಹೋಳು ಇಂದಿಗೂ ಮುಚ್ಚಿದ್ದೇ. ಮಾಡ್ಯೂಲ್ ಮಾಡುತ್ತಿದ್ದ ಬಹಳಷ್ಟು ಕೆಲಸವೂ ಕಾರ್ಡಿನೊಳಗಿನ ಜಿಎಸ್‌ಪಿ ಎಂಬ ಪುಟ್ಟ ಸಂಸ್ಕಾರಕದ ಮೇಲೆ ಓಡುವ ಫರ್ಮ್‌ವೇರ್‌ಗೆ ಹೋಗಿದೆ, ಆ ಫರ್ಮ್‌ವೇರ್ ಕೂಡ ಮುಚ್ಚಿದ್ದೇ. ಜಿಎಸ್‌ಪಿ ಬಂದದ್ದು ಟ್ಯೂರಿಂಗ್ ಪೀಳಿಗೆಯಿಂದ (ನನ್ನ ಆರ್‌ಟಿಎಕ್ಸ್ 2060 ಅದರದ್ದು). ಅದಕ್ಕೇ ಮುಕ್ತ ಮಾಡ್ಯೂಲ್ ಅದಕ್ಕಿಂತ ಹಳೆಯ ಕಾರ್ಡುಗಳ ಮೇಲೆ ಓಡುವುದಿಲ್ಲ. 2024ರ 560 ಸರಣಿಯಿಂದ ಟ್ಯೂರಿಂಗ್ ಮತ್ತು ನಂತರದ ಕಾರ್ಡುಗಳಿಗೆ ಮುಕ್ತ ಮಾಡ್ಯೂಲೇ ಸಹಜ ಆಯ್ಕೆಯಾಗಿದೆ, ಬ್ಲ್ಯಾಕ್‌ವೆಲ್ ಪೀಳಿಗೆಯವು ಅದೊಂದರಿಂದಲೇ ಓಡುತ್ತವೆ. ಆದ್ದರಿಂದ ಪ್ಯಾಕೇಜ್ ಪಟ್ಟಿಯಲ್ಲಿ 580 ಎಂದೂ 580-ಓಪನ್ ಎಂದೂ ಎರಡು ಹೆಸರು ಕಂಡಾಗ, ಮೊದಲು ನಿಮ್ಮ ಕಾರ್ಡ್ ಯಾವ ಪೀಳಿಗೆಯದೆಂದು ನೋಡಿಕೊಳ್ಳಿ. ಜಿಟಿಎಕ್ಸ್ 1080 ಇರುವವರು ಓಪನ್ ಆರಿಸಿದರೂ ಆರ್‌ಟಿಎಕ್ಸ್ 5080 ಇರುವವರು ಆರಿಸದಿದ್ದರೂ ಫಲ ಒಂದೇ, ಯಂತ್ರಕ್ಕೆ ಕಾರ್ಡೇ ಸಿಗುವುದಿಲ್ಲ.

ಮೊದಲನೆಯ ದಾರಿ ಕಂಪನಿಯ ತಾಣದಿಂದ ನೇರವಾಗಿ ಇಳಿಸಿಕೊಳ್ಳುವ ರನ್ ಕಡತ. ಹೊಸ ಆವೃತ್ತಿ ಬಂದ ದಿನವೇ ಸಿಗುತ್ತದೆ ಎಂಬುದು ಇದರ ಆಕರ್ಷಣೆ, ವಿಂಡೋಸ್‌ನಿಂದ ಬಂದವರಿಗೆ ಇದೇ ಸಹಜವಾಗಿಯೂ ಕಾಣುತ್ತದೆ. ಗ್ರಾಫಿಕ್ ಪರದೆಯನ್ನು ನಿಲ್ಲಿಸಿ, ಬರೀ ಅಕ್ಷರಗಳ ಕನ್ಸೋಲ್‌ಗೆ ಹೋಗಿ, ಕಂಪೈಲರ್ ಮತ್ತು ಕರ್ನಲ್ ಹೆಡರ್‌ಗಳನ್ನು ಮೊದಲೇ ಹಾಕಿಟ್ಟುಕೊಂಡು ಓಡಿಸಿದರೆ ಕೆಲಸ ಕೆಲವೇ ನಿಮಿಷಗಳದ್ದು. ಯಾವ ಬಗೆಯ ಮಾಡ್ಯೂಲ್ ಬೇಕೆಂದು ಇತ್ತೀಚಿನ ಸರಣಿಗಳಲ್ಲಿ ಅದೇ ಕೇಳುತ್ತದೆ, ಡಿಸ್ಟ್ರೋದ ಪ್ಯಾಕೇಜ್ ಈಗಾಗಲೇ ಇದ್ದರೆ ಎಚ್ಚರಿಸುತ್ತದೆ. ಇಷ್ಟಾದರೂ ನಾನು ಇದನ್ನು ಶಿಫಾರಸು ಮಾಡಲಾರೆ. ಅದು ಹಾಕಿದ ಕಡತಗಳ ಸುಳಿವು ಪ್ಯಾಕೇಜ್ ವ್ಯವಸ್ಥೆಗೆ ಇರುವುದಿಲ್ಲ. ನಾಳೆ ಡಿಸ್ಟ್ರೋ ತನ್ನ ಲೈಬ್ರರಿಯನ್ನು ನವೀಕರಿಸಿದರೆ ಒಂದರ ಮೇಲೊಂದು ಬೀಳುತ್ತದೆ. ಡೆಸ್ಕ್‌ಟಾಪಿನಲ್ಲಿ ನಾನು ಮೊದಲು ಹಿಡಿದದ್ದು ಇದೇ ದಾರಿಯನ್ನು. ಕರ್ನಲ್ ಬದಲಾದಾಗ ಮಾಡ್ಯೂಲನ್ನು ತಾನಾಗಿ ಮರುಕಟ್ಟುವ ಡಿಕೆಎಮ್‌ಎಸ್‌ ಎಂಬ ಸಾಧನದಲ್ಲಿ ದಾಖಲಿಸಬೇಕೇ ಎಂದು ಅನುಸ್ಥಾಪಕ ಕೇಳಿತ್ತು, ಓದುವ ತಾಳ್ಮೆಯಿಲ್ಲದೆ ಬೇಡ ಎಂದಿದ್ದೆ. ಮುಂದಿನ ಕರ್ನಲ್ ನವೀಕರಣದ ಬೆಳಿಗ್ಗೆ ಲಾಗಿನ್ ಪರದೆಯ ಜಾಗದಲ್ಲಿ ಕಪ್ಪು ಪರದೆಯೂ ಎಡ ಮೂಲೆಯಲ್ಲಿ ಒಂದು ಅಡಿಗೆರೆಯೂ ಮಿನುಗುತ್ತಿದ್ದವು. ತಪ್ಪು ಪೂರ್ತಿಯಾಗಿ ನನ್ನದು. ಆದರೆ ಅಂಥ ತಪ್ಪಿಗೆ ಎಡೆಯೇ ಇಲ್ಲದ ದಾರಿ ಇರುವಾಗ ಇದನ್ನು ಹಿಡಿದದ್ದು ಅದಕ್ಕಿಂತ ದೊಡ್ಡ ತಪ್ಪು.

ಎರಡನೆಯದು ಡಿಸ್ಟ್ರೋದ ಸ್ವಂತ ಭಂಡಾರ. ಉಬುಂಟುವಿನಲ್ಲಿ ಉಬುಂಟು-ಡ್ರೈವರ್ಸ್ ಎಂಬ ಸಾಧನ ಕಾರ್ಡನ್ನು ಗುರುತಿಸಿ ತಕ್ಕ ಪ್ಯಾಕೇಜನ್ನು ಸೂಚಿಸುತ್ತದೆ. ಡೆಬಿಯನ್‌ನಲ್ಲಿ ನಾನ್-ಫ್ರೀ ವಿಭಾಗವನ್ನು ನಾವೇ ತೆರೆದುಕೊಳ್ಳಬೇಕು. ನೂವೋ ಎಂಬ ಮುಕ್ತ ಡ್ರೈವರ್ ಅದೇ ಕಾರ್ಡನ್ನು ಹಿಡಿಯದಂತೆ ತಡೆಪಟ್ಟಿಗೆ ಸೇರಿಸುವುದು, ಬೂಟ್ ಸಮಯದ ಇನಿಟ್‌ರ್ಯಾಮ್‌ಎಫ್‌ಎಸ್ ಚಿತ್ರವನ್ನು ಮತ್ತೆ ಕಟ್ಟುವುದು, ಕರ್ನಲ್ ಬದಲಾದಾಗ ಡಿಕೆಎಮ್‌ಎಸ್ ಮೂಲಕ ಮಾಡ್ಯೂಲನ್ನು ಮರುಕಟ್ಟುವುದು ಇವೆಲ್ಲವನ್ನೂ ಪ್ಯಾಕೇಜೇ ನೋಡಿಕೊಳ್ಳುತ್ತದೆ. ಉಬುಂಟು ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಕರ್ನಲ್‌ಗಳಿಗೆ ಮೊದಲೇ ಕಟ್ಟಿ ಸಹಿ ಹಾಕಿದ ಮಾಡ್ಯೂಲ್‌ಗಳನ್ನೂ ಕೊಡುತ್ತದೆ. ಸೆಕ್ಯೂರ್ ಬೂಟ್ ಇರುವ ಯಂತ್ರಕ್ಕೆ ಇದಕ್ಕಿಂತ ನೆಮ್ಮದಿಯ ಏರ್ಪಾಡಿಲ್ಲ.

ಸೆಕ್ಯೂರ್ ಬೂಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದು ಚಾಲೂ ಇದ್ದಾಗ ಸಹಿಯಿಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಮ್ಮ ಯಂತ್ರದಲ್ಲೇ ಕಟ್ಟಿದ ಮಾಡ್ಯೂಲ್‌ಗೆ ನಮ್ಮ ಯಂತ್ರದ ಕೀಲಿಯಿಂದಲೇ ಸಹಿ ಬೀಳುತ್ತದೆ, ಆ ಕೀಲಿಯನ್ನು ನಂಬಬಹುದೆಂದು ನಾವು ಕೈಯಾರೆ ಒಪ್ಪಿಗೆ ಕೊಡಬೇಕು. ಪ್ಯಾಕೇಜ್ ಹಾಕುವಾಗ ಒಂದು ಗುಪ್ತಪದ ಕೇಳುತ್ತದೆ. ರೀಬೂಟ್ ಆದೊಡನೆ ನೀಲಿ ಪರದೆಯೊಂದು ಬಂದು, ಹತ್ತು ಸೆಕೆಂಡಿನೊಳಗೆ ಕೀಲಿಮಣೆಯ ಯಾವುದಾದರೂ ಗುಂಡಿ ಒತ್ತುವಂತೆ ಕೋರುತ್ತದೆ. ಅಲ್ಲಿ ಎನ್‌ರೋಲ್ ಮಾಕ್ (ಕೀಲಿಯನ್ನು ದಾಖಲಿಸು) ಆರಿಸಿ ಅದೇ ಗುಪ್ತಪದ ಕೊಟ್ಟರೆ ಮುಗಿಯಿತು. ಲ್ಯಾಪ್‌ಟಾಪಿನಲ್ಲಿ ಆ ಹತ್ತು ಸೆಕೆಂಡು ನಾನು ಬೇರೆಲ್ಲೋ ನೋಡುತ್ತಿದ್ದೆ. ಯಂತ್ರ ಏನೂ ಆಗದಂತೆ ಎದ್ದಿತು, ಪರದೆ ಚೊಕ್ಕವಾಗಿತ್ತು, ವೇಲ್ಯಾಂಡ್‌ನಲ್ಲಿ ಮಿನುಗು ಎಂಬುದು ಇರಲೇ ಇಲ್ಲ. ಎರಡು ದಿನ ಹೊಸ ಡ್ರೈವರನ್ನು ಮನಸಾರೆ ಮೆಚ್ಚಿಕೊಂಡೆ. ಮೂರನೆಯ ದಿನ ಬ್ಲೆಂಡರ್ ಎಂಬ 3ಡಿ ಚಿತ್ರಣದ ತಂತ್ರಾಂಶ ತೆರೆದಾಗ ಕಾರ್ಡ್ ಪಟ್ಟಿಯಲ್ಲೇ ಇಲ್ಲ. ನಾನು ಮೆಚ್ಚಿಕೊಂಡಿದ್ದದ್ದು ಇಂಟೆಲ್ ಚಿಪ್ಪಿನ ಕೆಲಸವನ್ನು. ಎರಡು ಚಿಪ್ ಇರುವ ಯಂತ್ರಗಳಲ್ಲಿ ಕಣ್ಣಿಗೆ ಕಂಡದ್ದನ್ನು ನಂಬಬಾರದು, ಎನ್ವಿಡಿಯಾ-ಎಸ್‌ಎಮ್‌ಐ ಆದೇಶ ಕೊಟ್ಟು ಅದು ಕಾರ್ಡಿನ ಹೆಸರನ್ನೂ ಡ್ರೈವರ್ ಆವೃತ್ತಿಯನ್ನೂ ತೋರಿಸುತ್ತದೆಯೇ ಎಂದು ನೋಡಬೇಕು.

ಡಿಸ್ಟ್ರೋ ಭಂಡಾರದ ಕೊರತೆ ನಿಧಾನ. ದೀರ್ಘಾವಧಿ ಬೆಂಬಲದ ಆವೃತ್ತಿಗಳಲ್ಲಿ ಹೊಸ ಸರಣಿ ತಡವಾಗಿ ಬರುತ್ತದೆ, ಕೆಲವು ಕಡೆ ಬರುವುದೇ ಇಲ್ಲ. ಆಗ ಉಳಿಯುವುದು ಮೂರನೆಯ ದಾರಿ, ಅಂದರೆ ಡಿಸ್ಟ್ರೋಗೆ ಹೊಂದುವಂತೆ ಪ್ಯಾಕೇಜ್ ಮಾಡಿಕೊಡುವ ಪಕ್ಕದ ಭಂಡಾರಗಳು: ಉಬುಂಟುವಿಗೆ ಗ್ರಾಫಿಕ್ಸ್-ಡ್ರೈವರ್ಸ್ ಪಿಪಿಎ, ಫೆಡೋರಾಗೆ ಆರ್‌ಪಿಎಮ್ ಫ್ಯೂಷನ್. ಹೊಸತನವೂ ಪ್ಯಾಕೇಜ್ ವ್ಯವಸ್ಥೆಯ ಶಿಸ್ತೂ ಒಟ್ಟಿಗೆ ಸಿಗುವುದರಿಂದ ಹೊಸ ಸರಣಿ ಬೇಕೇ ಬೇಕೆನ್ನುವವರಿಗೆ ನನ್ನ ಆಯ್ಕೆ ಇದು. ಆರ್‌ಪಿಎಮ್ ಫ್ಯೂಷನ್‌ನ ಎಕೆಮಾಡ್ ಪ್ಯಾಕೇಜಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ಅನುಸ್ಥಾಪನೆ ಮುಗಿಯಿತೆಂದು ಟರ್ಮಿನಲ್ ಹೇಳಿದ ಮೇಲೂ ಮಾಡ್ಯೂಲ್ ಹಿನ್ನೆಲೆಯಲ್ಲಿ ಕಟ್ಟಲ್ಪಡುತ್ತಲೇ ಇರುತ್ತದೆ; ಕೆಲವು ನಿಮಿಷ ಕಾದು, ಮಾಡ್‌ಇನ್‌ಫೋ ಆದೇಶ ಆವೃತ್ತಿಯ ಸಂಖ್ಯೆಯನ್ನು ತೋರಿಸಿದ ಮೇಲಷ್ಟೇ ರೀಬೂಟ್ ಮಾಡಬೇಕು.

ದಾರಿ ಯಾವುದಾದರೂ, ನವೀಕರಣದ ನಂತರ ರೀಬೂಟ್ ಮಾಡದೆ ಕೆಲಸ ಮುಂದುವರಿಸಿದರೆ ಎನ್ವಿಡಿಯಾ-ಎಸ್‌ಎಮ್‌ಐ ಒಮ್ಮೆಗೇ ಡ್ರೈವರ್ ಮತ್ತು ಲೈಬ್ರರಿಯ ಆವೃತ್ತಿ ಹೊಂದುತ್ತಿಲ್ಲ ಎನ್ನುತ್ತದೆ. ಇದನ್ನು ಕಂಡು ಎಲ್ಲವನ್ನೂ ಕಿತ್ತು ಮರುಹಾಕಲು ಹೊರಡುವವರು ಬಹಳ. ಹಳೆಯ ಮಾಡ್ಯೂಲ್ ಸ್ಮೃತಿಯಲ್ಲಿದೆ, ಹೊಸ ಲೈಬ್ರರಿ ಡಿಸ್ಕ್‌ಗೆ ಬಂದಿದೆ, ಅಷ್ಟೇ. ಒಂದು ರೀಬೂಟ್ ಸಾಕು. ತಂತ್ರಾಂಶಗಳನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು ಓಡಿಸುವ ಫ್ಲ್ಯಾಟ್‌ಪ್ಯಾಕ್ ಬಳಸುವವರಿಗೆ ಇದೇ ಕಥೆಯ ಇನ್ನೊಂದು ಅಧ್ಯಾಯವಿದೆ. ಅದರೊಳಗಿನ ತಂತ್ರಾಂಶಗಳು ವ್ಯವಸ್ಥೆಯ ಲೈಬ್ರರಿಗಳನ್ನು ಮುಟ್ಟುವುದಿಲ್ಲವಾದ್ದರಿಂದ, ಅದೇ ಆವೃತ್ತಿಯ ಎನ್ವಿಡಿಯಾ ಲೈಬ್ರರಿಗಳ ಪ್ರತ್ಯೇಕ ಪ್ರತಿ ಫ್ಲ್ಯಾಟ್‌ಪ್ಯಾಕ್ ಒಳಗೂ ಬೇಕು. ಡ್ರೈವರ್ ಬದಲಾದ ಮೇಲೆ ಫ್ಲ್ಯಾಟ್‌ಪ್ಯಾಕ್ ನವೀಕರಣವನ್ನೂ ಓಡಿಸದಿದ್ದರೆ ಆಟಗಳು ತೆರೆಯಲು ನಿರಾಕರಿಸುತ್ತವೆ ಇಲ್ಲವೇ ಸಿಪಿಯು ಮೇಲೆ ತೆವಳುತ್ತವೆ. ಸ್ಟೀಮ್‌ಗೆ 32 ಬಿಟ್ ಲೈಬ್ರರಿಗಳೂ ಬೇಕು ಎಂಬುದು ಹೊಸಬರು ಮರೆಯುವ ಇನ್ನೊಂದು ಸಂಗತಿ.

ಇನ್ನು ಡ್ರೈವರ್. ಡೆಸ್ಕ್‌ಟಾಪಿನಲ್ಲಿ ವೇಲ್ಯಾಂಡ್ ಈಗ ನನಗೆ ಗಮನಕ್ಕೇ ಬರದ ವಸ್ತುವಾಗಿದೆ, ಇದಕ್ಕಿಂತ ಹೆಚ್ಚಿನ ಪ್ರಶಂಸೆ ಡ್ರೈವರಿಗೆ ಬೇಕಿಲ್ಲ. ಎಕ್ಸ್‌ಪ್ಲಿಸಿಟ್ ಸಿಂಕ್‌ಗೆ ಡ್ರೈವರ್ ಒಂದೇ ಸಾಲದು, ಪರದೆ ನಿರ್ವಹಿಸುವ ಕಂಪೋಸಿಟರ್ ಮತ್ತು ಎಕ್ಸ್11 ತಂತ್ರಾಂಶಗಳನ್ನು ವೇಲ್ಯಾಂಡ್ ಒಳಗೆ ಓಡಿಸುವ ಎಕ್ಸ್‌ವೇಲ್ಯಾಂಡ್ ಕೂಡ ಅದನ್ನು ಬಲ್ಲವಾಗಿರಬೇಕು. ಹಳೆಯ ಡೆಸ್ಕ್‌ಟಾಪ್ ಪರಿಸರದ ಮೇಲೆ ಹೊಸ ಡ್ರೈವರ್ ಹಾಕಿ ಫಲ ಕಾಣಲಿಲ್ಲವೆಂದರೆ ಕಾರಣ ಅಲ್ಲಿರಬಹುದು. ಲ್ಯಾಪ್‌ಟಾಪಿನಲ್ಲಿ ಬೇಕಾದ ತಂತ್ರಾಂಶವನ್ನಷ್ಟೇ ಎನ್ವಿಡಿಯಾ ಚಿಪ್ಪಿನ ಮೇಲೆ ಓಡಿಸುವ ಪ್ರೈಮ್ ವ್ಯವಸ್ಥೆ ಸರಾಗವಾಗಿದೆ, ಕೆಲಸವಿಲ್ಲದಾಗ ಚಿಪ್ ನಿದ್ರೆಗೆ ಜಾರುತ್ತದೆ. ಯಂತ್ರವನ್ನೇ ನಿದ್ರೆಗೆ ಕಳಿಸಿ ಎಬ್ಬಿಸುವಾಗ ಕಾರ್ಡಿನ ಸ್ಮೃತಿಯಲ್ಲಿದ್ದದ್ದು ಉಳಿಯಬೇಕಾದರೆ ಅದಕ್ಕೆಂದೇ ಇರುವ ಮಾಡ್ಯೂಲ್ ಆಯ್ಕೆಯೂ ಎನ್ವಿಡಿಯಾ-ಸಸ್ಪೆಂಡ್ ಸೇವೆಯೂ ಚಾಲೂ ಇರಬೇಕು. ಪ್ಯಾಕೇಜ್ ಅದನ್ನು ಹೊಂದಿಸಿದೆಯೇ ಎಂದು ಒಮ್ಮೆ ಪರೀಕ್ಷಿಸಿಕೊಳ್ಳಿ. ವೀಡಿಯೊ ವಿಷಯದಲ್ಲಿ ಮಾತ್ರ ಕೊರತೆ ಉಳಿದಿದೆ. ಲಿನಕ್ಸ್ ಬ್ರೌಸರ್‌ಗಳು ನೆಚ್ಚುವ ವಿಎ-ಎಪಿಐ ಎಂಬ ಮಾರ್ಗವನ್ನು ಈ ಡ್ರೈವರ್ ತಾನಾಗಿ ಒದಗಿಸುವುದಿಲ್ಲ, ಸ್ವಯಂಸೇವಕರು ಬರೆದ ಸೇತುವೆಯೊಂದನ್ನು ಬೇರೆಯಾಗಿ ಹಾಕಿಕೊಳ್ಳಬೇಕು.

ಇಷ್ಟು ಓದಿದವರಿಗೆ ನೂವೋ ಸಾಲದೇ ಎನ್ನಿಸಬಹುದು. ಹಳೆಯ ನೂವೋ ಸಾಲುತ್ತಿರಲಿಲ್ಲ: ಮ್ಯಾಕ್ಸ್‌ವೆಲ್‌ನ ಎರಡನೆಯ ಪೀಳಿಗೆಯಿಂದ ಕಂಪನಿ ಸಹಿ ಮಾಡಿದ ಫರ್ಮ್‌ವೇರ್ ಇಲ್ಲದೆ ಕಾರ್ಡಿನ ವೇಗ ಏರಿಸಲು ಅದಕ್ಕೆ ಸಾಧ್ಯವಿರಲಿಲ್ಲ. ಟ್ಯೂರಿಂಗ್ ಮತ್ತು ನಂತರದ ಕಾರ್ಡುಗಳಲ್ಲಿ ಜಿಎಸ್‌ಪಿ ಆ ಗಂಟನ್ನು ಬಿಡಿಸಿದೆ, ಮೆಸಾದ ಎನ್‌ವಿಕೆ ವಲ್ಕನ್ ಡ್ರೈವರ್ ದಿನದಿನಕ್ಕೆ ಬಲಗೊಳ್ಳುತ್ತಿದೆ. ಡೆಸ್ಕ್‌ಟಾಪ್ ಮತ್ತು ಹಗುರ ಆಟಗಳಿಗೆ ಅದನ್ನು ಪ್ರಯತ್ನಿಸಿ ನೋಡಬಹುದು. ಕುಡಾ ಬೇಕಾದವರಿಗೆ ಆ ಆಯ್ಕೆ ಇಲ್ಲ.

ಟ್ಯೂರಿಂಗ್‌ಗಿಂತ ಹಳೆಯ ಮ್ಯಾಕ್ಸ್‌ವೆಲ್, ಪಾಸ್ಕಲ್ ಮತ್ತು ವೋಲ್ಟಾ ಪೀಳಿಗೆಗಳ ಕಾರ್ಡುಗಳಿಗೆ 580 ಕೊನೆಯ ಸರಣಿ. ಅಂಥ ಕಾರ್ಡ್ ಇರುವವರು ಈ ಸರಣಿಗೆ ಬಂದ ಮೇಲೆ ಪ್ಯಾಕೇಜನ್ನು ಇಲ್ಲೇ ಕಟ್ಟಿಹಾಕಬೇಕು. ವಿಶೇಷವಾಗಿ, ಸದಾ ಹೊಸದನ್ನೇ ತಳ್ಳುವ ಡಿಸ್ಟ್ರೋಗಳಲ್ಲಿ ಒಂದು ಸಾಮಾನ್ಯ ನವೀಕರಣ ಅವರ ಕಾರ್ಡನ್ನು ಗುರುತಿಸದ ಡ್ರೈವರನ್ನು ತಂದಿಡಬಹುದು. ಬೂಟ್ ಆಗುವಾಗ ಬರುವ ಗ್ರಬ್ ಪಟ್ಟಿಯಲ್ಲಿ ಹಿಂದಿನ ಕರ್ನಲ್ ಒಂದನ್ನು ಅಳಿಸದೆ ಇಟ್ಟುಕೊಂಡಿರಿ. ನನ್ನ ಕಪ್ಪು ಪರದೆಯ ಬೆಳಿಗ್ಗೆ ಯಂತ್ರವನ್ನು ಎಬ್ಬಿಸಿದ್ದು ಅದೇ.